ಬಿರುಕು ಬಿಟ್ಟ ಗೋಡೆ ಯಾರ ಲೆಕ್ಕಕ್ಕೆ?

ಚಿತ್ರದುರ್ಗದ ಕೋಟೆ ಹತ್ತಿದವರ ಕಣ್ಣು ಮೊದಲು ಬೀಳುವುದು ಕಲ್ಲಿನ ಮೇಲೆ. ಏಳು ಸುತ್ತು, ಓಬವ್ವನ ಕಿಂಡಿ, ಬಂಡೆಯ ಮೇಲೆ ಬಂಡೆ. ಹಾಗೆಯೇ ಒಳಗೆ ನಡೆದು ಟಂಕಸಾಲೆಯ ಹತ್ತಿರ ನಿಂತರೆ ಬೇರೆ ಸಂಗತಿ ಕಾಣುತ್ತದೆ. ಅಲ್ಲಿಯ ಎತ್ತರದ ಗೋಡೆಗಳು ಮಣ್ಣಿನವು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಸೆರೆಹಿಡಿದಲ್ಲಿಗೆ ಪಾಳೆಯಗಾರರ ಆಳ್ವಿಕೆ ಮುಗಿಯಿತು. ಕಟ್ಟಡದ ಚಾವಣಿಯೂ ಎಂದೋ ಹೋಯಿತು. ಗೋಡೆಗಳು ಮಾತ್ರ ಮಳೆಗೆ ಮೈಯೊಡ್ಡಿ ನಿಂತಿವೆ. ಅಂಚು ಸವೆದಿದೆ, ಅಲ್ಲಲ್ಲಿ ಸೀಳು ಬಿಟ್ಟಿದೆ, ಆದರೂ ಬಿದ್ದಿಲ್ಲ. ಗೋಡೆ ದಪ್ಪ, ಅದರ ಅಡಿಯಲ್ಲಿ ಅಲುಗದ ಬಂಡೆ. ಇಷ್ಟಿದ್ದರೆ ಮಣ್ಣೂ ಶತಮಾನ ದಾಟುತ್ತದೆ.

ಕೋಟೆಯಿಂದ ಇಳಿದು ಶಿವಮೊಗ್ಗದ ದಾರಿ ಹಿಡಿದರೆ ಹೊಳಲ್ಕೆರೆ. ದುರ್ಗದ ನಾಯಕ ಮನೆತನದ ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕ ವಿಜಯನಗರದ ಅರಸರಿಂದ ಮೊದಲು ಪಡೆದದ್ದು ಈ ಹೊಳಲ್ಕೆರೆಯ ನಾಯಕತನವನ್ನೇ. ಹಿರಿಯೂರು, ಚಿತ್ರದುರ್ಗ ಆಮೇಲೆ ಬಂದವು. ಈ ಸೀಮೆಯ ಊರುಗಳಲ್ಲಿಯೂ ಮನೆಗಳು ಅದೇ ಮಣ್ಣಿನವು, ಅಡಿಯಲ್ಲಿ ಮಾತ್ರ ಆ ಬಂಡೆ ಇರಲಿಲ್ಲ. ಎಲ್ಲೋ ಕೆಮ್ಮಣ್ಣು, ಎಲ್ಲೋ ಗರಸು, ಎಲ್ಲೋ ಎರೆ. ಹೀಗಾಗಿ ಇಲ್ಲಿ ಗೋಡೆಯೆಂದರೆ ಬಿರುಕು ಬಿಡುವುದೇ, ವರ್ಷಕ್ಕೊಮ್ಮೆ ಮೆತ್ತುವುದೇ. ಹೊಳಲ್ಕೆರೆಯಲ್ಲಿ ಗೋಡೆ-ಚಾವಣಿಯ ಚಿಂತೆಯಿಲ್ಲದ ನಿವಾಸಿ ಒಬ್ಬನೇ, ಬಯಲು ಗಣಪತಿ.

ಹಳೆಯ ಮಾಳಿಗೆ ಮನೆಗಳನ್ನು ಕಟ್ಟುವ ಕ್ರಮ ತಿಳಿದವರು ಈಗಲೂ ಊರಿಗೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಮಣ್ಣನ್ನು ಅಗೆದು, ಹುಲ್ಲು ಸೇರಿಸಿ, ನೀರು ಬಿಟ್ಟು, ತುಳಿದು, ಕೆಲವು ದಿನ ಕೊಳೆಯಲು ಬಿಡಬೇಕು. ಆಮೇಲೆ ಒಂದು ವರಸೆ ಗೋಡೆ. ಅದು ಒಣಗಿ ಗಟ್ಟಿಯಾಗುವವರೆಗೆ ಮೇಲಿನ ವರಸೆಗೆ ಕೈ ಹಾಕುವಂತಿಲ್ಲ. ಅವಸರ ಮಾಡಿದರೆ ಗೋಡೆಗೆ ಹೊಟ್ಟೆ ಬರುತ್ತದೆ. ಗೋಡೆ ಎದ್ದ ಮೇಲೆ ಕಂಬ, ತೊಲೆ, ಜಂತೆ. ಜಂತೆಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು. ಅದರ ಮೇಲೆ ಮಣ್ಣು. ದೊಡ್ಡ ಮನೆಗಳಲ್ಲಿ ಚಾವಣಿಯ ಭಾರವನ್ನು ಹೊರುತ್ತಿದ್ದದ್ದು ಮುಖ್ಯವಾಗಿ ಮರದ ಕಂಬಗಳು. ಆದ್ದರಿಂದ ಗೋಡೆ ಬಾಯಿ ಬಿಟ್ಟರೆ ಮನೆಯವರು ಬೆಚ್ಚುತ್ತಿರಲಿಲ್ಲ. ಗೋಡೆಯ ಕೆಲಸ ಗಾಳಿ, ಚಳಿ, ಕಳ್ಳರನ್ನು ತಡೆಯುವುದು. ಸೂರು ನಿಂತಿರುವುದು ಕಂಬದ ಮೇಲೆ ಎಂಬ ಧೈರ್ಯ ಇತ್ತು.

ಮಾಳಿಗೆಯ ಜೀವ ಇರುವುದು ಮೇಲಿನ ಪದರದಲ್ಲಿ. ಅಲ್ಲಿಗೆ ಸಾಮಾನ್ಯ ಮಣ್ಣು ಸಲ್ಲದು, ಕರಲು ಮಣ್ಣೇ ಬೇಕು. ಬೆಳೆ ಬಾರದ, ಉಪ್ಪು-ಸವುಳು ಬೆರೆತ ಜಿಗುಟು ನೆಲದಿಂದ ಅದನ್ನು ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಮೊದಲ ಮಳೆ ಬಿದ್ದೊಡನೆ ಕರಲು ಹಿಗ್ಗುತ್ತದೆ, ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ಆಮೇಲೆ ಬಿದ್ದ ನೀರು ಒಳಗಿಳಿಯದೆ ದೋಣಿಯ ಕಡೆ ಹರಿದುಹೋಗುತ್ತದೆ. ಹೊಲದಲ್ಲಿ ಶಾಪವಾದ ಮಣ್ಣು ಮನೆಯ ಮೇಲೆ ವರವಾಗುವುದು ಹೀಗೆ. ಹಿಗ್ಗುವ ಇದೇ ಗುಣ ಮನೆಯ ಅಡಿಯ ಎರೆಮಣ್ಣಿನಲ್ಲಿದ್ದರೆ ಗೋಡೆ ಸೀಳುತ್ತದೆ. ಈ ಸೀಮೆಯ ಮನೆಗಳ ಚರಿತ್ರೆಯೆಲ್ಲ ಹಿಗ್ಗುವ ಮಣ್ಣನ್ನು ಮೇಲೆ ಇಟ್ಟುಕೊಂಡು ಕೆಳಗೆ ಇಲ್ಲದಂತೆ ನೋಡಿಕೊಳ್ಳುವ ಪ್ರಯತ್ನ ಎಂದರೂ ನಡೆದೀತು.

ಮಣ್ಣು ಗೊತ್ತಿದ್ದ ಕಸುಬುದಾರರೂ ಇಲ್ಲಿ ಇದ್ದರು. ಮಣ್ಣಿನ ಕೆಲಸ, ಕಲ್ಲಿನ ಕೆಲಸ ಎರಡರಲ್ಲೂ ಭೋವಿಗಳದು ಪಳಗಿದ ಕೈ. ಕೆರೆ ಏರಿ, ಬಾವಿ, ಗೋಡೆ ಎಲ್ಲದರ ಹಿಂದೆ ಅವರ ದುಡಿಮೆಯಿದೆ. ಉಪ್ಪಾರರ ಕಥೆ ಇನ್ನೂ ಕುತೂಹಲದ್ದು. ಸವುಳು ಮಣ್ಣನ್ನು ತೊಳೆದು ಉಪ್ಪು ತೆಗೆಯುವುದು ಅವರ ಮೂಲ ಕಸುಬು. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಕಾಯ್ದೆ ಬಿಗಿಯಾಗಿ, ಸಮುದ್ರದ ಉಪ್ಪು ಒಳನಾಡಿಗೆ ಬರತೊಡಗಿದ ಮೇಲೆ ಆ ಕಸುಬು ಸೊರಗಿತು. ಅವರಲ್ಲಿ ಅನೇಕರು ಗಾರೆ ಕೆಲಸಕ್ಕೆ, ಮನೆ ಕಟ್ಟುವ ಕೆಲಸಕ್ಕೆ ಹೊರಳಿದರು. ಎರಡು ಸಮುದಾಯಗಳ ಗುರುಪೀಠಗಳೂ ಇದೇ ಜಿಲ್ಲೆಯಲ್ಲಿವೆ, ಭೋವಿಗಳದು ಚಿತ್ರದುರ್ಗದಲ್ಲಿ, ಉಪ್ಪಾರರದು ಹೊಸದುರ್ಗದ ಕಡೆ. ಜಿಲ್ಲೆಯ ಗೋಡೆಗಳ ಇತಿಹಾಸವನ್ನು ಯಾರಾದರೂ ವಿವರವಾಗಿ ಬರೆಯುವುದಾದರೆ ಈ ಎರಡು ಸಮುದಾಯಗಳ ಹಿರಿಯರಿಂದಲೇ ಶುರುಮಾಡಬೇಕು.

ವರ್ಷದ ರಿಪೇರಿಗೆ ತಿಥಿ ಗೊತ್ತಾಗಿತ್ತು. ಯುಗಾದಿಗೆ ಮುಂಚೆ ಸುಣ್ಣ-ಕಾರಣೆ; ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬಳಿಯುವ ಮುನ್ನ ಹೆಂಗಸರು ಗೋಡೆಯ ಉದ್ದಕ್ಕೂ ಕೈಯಾಡಿಸಿ, ಸೀಳು ಕಂಡಲ್ಲಿ ಸಗಣಿ ಬೆರೆಸಿದ ಮಣ್ಣು ತುಂಬಿ ಮೆತ್ತುತ್ತಿದ್ದರು. ಮುಂಗಾರು ಕಾಲೂರುವ ಮೊದಲು ಗಂಡಸರು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಕರಲು ಹರಡಿ ಬಡಿಯುತ್ತಿದ್ದರು. ಹೊಲದ ಕೆಲಸಕ್ಕೆ ಇದ್ದ ಮುಯ್ಯಾಳಿನ ಪದ್ಧತಿ ಇಲ್ಲಿಯೂ ನೆರವಿಗೆ ಬರುತ್ತಿತ್ತು: ಇವತ್ತು ನಮ್ಮ ಮಾಳಿಗೆಗೆ ನೀವು, ನಾಳೆ ನಿಮ್ಮ ಮಾಳಿಗೆಗೆ ನಾವು. ದುಡ್ಡಿನ ಮಾತಿಲ್ಲ, ಕಾಗದವಿಲ್ಲ. ವಿಮೆ ಎಂದು ಯಾರೂ ಕರೆಯದಿದ್ದರೂ ವರ್ಷ ವರ್ಷ ಕಟ್ಟುವ ಕಂತು ಅದೇ ಆಗಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾಗದು. ಪ್ರತಿ ವರ್ಷ ಹೊಸ ಮಣ್ಣು ಹಾಕಿ ಹಾಕಿ ಮಾಳಿಗೆ ಭಾರವಾಗುತ್ತಿತ್ತು. ಗೆದ್ದಲು ತಿಂದ ಜಂತೆ ಬಾಗುತ್ತಿತ್ತು, ತೊಲೆಯ ತುದಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್-ಕಿಲ್ಲಾರಿ ಸೀಮೆ ನಡುಗಿದಾಗ ಸಾವಿರಾರು ಜನ ಸತ್ತದ್ದು ಬಹುಮಟ್ಟಿಗೆ ಇಂಥ ಮನೆಗಳ ಕೆಳಗೆ: ಮಣ್ಣಿನಲ್ಲಿ ಕೂರಿಸಿದ ಕಲ್ಲುಗೋಡೆ, ತಲೆಯ ಮೇಲೆ ಅಡಿಗಟ್ಟಲೆ ಮಣ್ಣು. ಚಿತ್ರದುರ್ಗ ಭೂಕಂಪನ ಭೂಪಟದ ಎರಡನೇ ವಲಯದಲ್ಲಿ, ಅಂದರೆ ಅಪಾಯ ಕಡಿಮೆಯಿರುವ ವಲಯದಲ್ಲಿ ಇದೆ. ಆದರೂ ಕಿಲ್ಲಾರಿಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡ ಎಷ್ಟೋ ಮನೆಗಳಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುವ ಮಾತು ಎದ್ದಿರಬೇಕು.

ಸರ್ಕಾರ ಈ ಗೋಡೆಗಳನ್ನು ಹೇಗೆ ನೋಡುತ್ತಿತ್ತು? ಮೈಸೂರು ಸಂಸ್ಥಾನದ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿ. ಬೆಳೆ ಹೋಯಿತು, ದನ ಸತ್ತವು, ಮನೆ ಬಿತ್ತು ಎಂಬುದೆಲ್ಲ ಅವರ ಕಾಗದದ ಮೂಲಕವೇ ಅಮಲ್ದಾರರ ಕಚೇರಿ ಮುಟ್ಟಬೇಕು. ವಿಮೆಯ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿಯೇ, ಸಂಸ್ಥಾನ ತನ್ನ ನೌಕರರಿಗೆ ಜೀವ ವಿಮೆ ತಂದಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ಅದರ ಮುಂದುವರಿಕೆ. ಹೊಳಲ್ಕೆರೆಯ ಶಾಲಾ ಮೇಷ್ಟ್ರಿಗೆ ಇಂದು ಸಂಬಳದಲ್ಲಿ ಕಡಿತವಾಗುವ ಕೆಜಿಐಡಿ ಕಂತಿಗೆ ಹೀಗೆ ನೂರಮೂವತ್ತು ವರ್ಷ ದಾಟಿದ ಚರಿತ್ರೆಯಿದೆ. ಅದು ಜೀವಕ್ಕೆ ಸಂಬಂಧಿಸಿದ ಮಾತು. ಮನೆಯ ಗೋಡೆ ಆ ಲೆಕ್ಕದಲ್ಲಿ ಇರಲಿಲ್ಲ.

ಮನೆಯ ವಿಮೆ ಹುಟ್ಟಿದ್ದು ಬೆಂಕಿಯಿಂದ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಆ ಊರಿನಲ್ಲಿ ಅಗ್ನಿ ವಿಮೆಯ ವ್ಯಾಪಾರ ಶುರುವಾಯಿತು. ಭಾರತದಲ್ಲಿ ಮೊದಲ ಸಾಮಾನ್ಯ ವಿಮಾ ಕಂಪನಿ ಟ್ರೈಟನ್ 1850ರಲ್ಲಿ ಕಲ್ಕತ್ತೆಯಲ್ಲಿ ಬಾಗಿಲು ತೆರೆದದ್ದು ಬ್ರಿಟಿಷ್ ವ್ಯಾಪಾರಿಗಳ ಸರಕಿಗಾಗಿ. ಬೆಂಕಿಗೆ ಒಂದು ಅನುಕೂಲವಿದೆ: ಯಾವಾಗ ಬಿತ್ತು, ಎಷ್ಟು ಸುಟ್ಟಿತು ಎಂಬುದಕ್ಕೆ ತಾರೀಖೂ ಗಂಟೆಯೂ ಇರುತ್ತದೆ. ಬಿರುಕಿಗೆ ತಾರೀಖು ಇರುವುದಿಲ್ಲ. ವಿಮೆಗೂ ಬಿರುಕಿಗೂ ಆವತ್ತಿನಿಂದ ಇವತ್ತಿನವರೆಗೆ ಹೊಂದಿಕೆಯಾಗದೆ ಇರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಬ್ರಿಟನ್ನಿನಲ್ಲೇ ನೆಲ ಕುಸಿತದಿಂದಾಗುವ ಹಾನಿ ಮನೆ ವಿಮೆಯೊಳಗೆ ಬಂದದ್ದು 1971ರಲ್ಲಿ. ಐದು ವರ್ಷ ಕಳೆಯುವಷ್ಟರಲ್ಲಿ 1976ರ ಬರ ಬಂತು. ಲಂಡನ್ ಸುತ್ತಲಿನ ಜೇಡಿ ನೆಲ ಒಣಗಿ ಕುಗ್ಗಿ, ಮನೆಗಳು ಸಾಲುಸಾಲಾಗಿ ಬಿರುಕು ಬಿಟ್ಟವು, ಕಂಪನಿಗಳ ಮೇಜಿನ ಮೇಲೆ ಅರ್ಜಿಗಳ ರಾಶಿ ಬಿತ್ತು. ಹಿರಿಯೂರಿನ ಎರೆ ಸೀಮೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುವ ಹೊಲವನ್ನು ಅವನು ವರ್ಷವೂ ನೋಡುತ್ತಾನೆ.

ಎರೆ ನೆಲದ ಕಾಟಕ್ಕೆ ದೇಶದಲ್ಲಿ ಮದ್ದು ಹುಡುಕಿದವರೂ ಇದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬುಡದಲ್ಲಿ ಹಿಗ್ಗಿದ ಕಾಂಕ್ರೀಟ್ ಕಂಬಗಳ ತಳಪಾಯವನ್ನು ಬೆಳೆಸಿತು. ಬಿಸಿಲು-ಮಳೆಯ ಏರುಪೇರು ತಾಕದ ಆಳಕ್ಕೆ ಕಂಬ ಇಳಿಸಿ, ಅಲ್ಲಿ ಅದರ ಬುಡವನ್ನು ಅಗಲಮಾಡಿ ನೆಲ ಕಚ್ಚುವಂತೆ ಮಾಡುವ ಉಪಾಯ ಅದು. ಸರ್ಕಾರಿ ಕಟ್ಟಡಗಳಿಗೆ ಅದು ಸಂದಿತು. ಹಳ್ಳಿಯ ಮನೆಗೆ ಆ ಖರ್ಚು ಎಲ್ಲಿಯದು? ಇಲ್ಲಿನ ಮೇಸ್ತ್ರಿಗಳದು ಬೇರೆ ದಾರಿ: ಪಾಯದ ಗುಂಡಿಯ ಎರೆಯನ್ನು ಸಾಧ್ಯವಾದಷ್ಟು ತೆಗೆದು ಗರಸು ತುಂಬಿ, ನೀರು ಹಾಕಿ ಕುಟ್ಟುವುದು. ಚೆನ್ನಾಗಿ ಕುಟ್ಟಿದರೆ ಮನೆ ನಿಲ್ಲುತ್ತದೆ. ಕುಟ್ಟದೆ ಬಿಟ್ಟರೆ ಎರಡನೇ ಮಳೆಗಾಲಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಏಳುತ್ತದೆ.

ಗೋಡೆಯ ಸ್ವಭಾವವೇ ಬದಲಾದದ್ದು ಕಳೆದ ನೂರೈವತ್ತು ವರ್ಷಗಳಲ್ಲಿ, ಅದೂ ನಿಧಾನವಾಗಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಘಟ್ಟ ಹತ್ತಿ ಒಳನಾಡಿಗೂ ಬಂತು. ಹೆಂಚಿನ ಮನೆಯಲ್ಲಿ ಕರಲಿನ ಕೆಲಸವಿಲ್ಲ. ಭದ್ರಾವತಿಯಲ್ಲಿ ಸಿಮೆಂಟು ತಯಾರಾಗತೊಡಗಿದ ಮೇಲೆ ಅದೂ ಕೈಗೆಟುಕಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಜನತಾ ಮನೆಗಳು, 1980ರ ದಶಕದಲ್ಲಿ ಇಂದಿರಾ ಆವಾಸ್, 90ರ ದಶಕದಲ್ಲಿ ಆಶ್ರಯ ಮನೆಗಳು ಬಂದು, ಇಟ್ಟಿಗೆ-ಸಿಮೆಂಟಿನ ಗೋಡೆ ಬಡವರ ಕೇರಿಗೂ ಕಾಲಿಟ್ಟಿತು. ಇದು ಸಣ್ಣ ಬದಲಾವಣೆಯೇನಲ್ಲ. ಮಳೆಯ ರಾತ್ರಿ ಮಕ್ಕಳನ್ನು ಎಬ್ಬಿಸಿ ಸೋರುವ ಮೂಲೆಯಿಂದ ಸರಿಸುವ ಕಷ್ಟ ಎಷ್ಟೋ ಮನೆಗಳಲ್ಲಿ ತಪ್ಪಿತು.

ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಈ ಮನೆಗಳಲ್ಲಿ ಮರದ ಕಂಬಗಳಿಲ್ಲ, ಚಾವಣಿ ಕುಳಿತಿರುವುದು ಗೋಡೆಯ ಮೇಲೆಯೇ. ಮಣ್ಣಿನ ಗೋಡೆಯ ಸೀಳನ್ನು ಅಂಗೈಯಷ್ಟು ಮಣ್ಣಿನಲ್ಲಿ ಮುಚ್ಚಬಹುದಿತ್ತು. ಸಿಮೆಂಟಿನ ಗೋಡೆಯ ಬಿರುಕಿಗೆ ಮೇಸ್ತ್ರಿ ಬರಬೇಕು, ಮೇಸ್ತ್ರಿ ಬಂದರೆ ಮರಳು, ಸಿಮೆಂಟು, ಕೂಲಿ. ಸಿಮೆಂಟ್ ಮನೆಗೆ ರಿಪೇರಿ ಬೇಡ ಎಂಬ ನಂಬಿಕೆಯೂ ಸೇರಿಕೊಂಡಿತು. ವರ್ಷಕ್ಕೊಮ್ಮೆ ಗೋಡೆಯನ್ನು ಮುಟ್ಟಿ ನೋಡುವ ಪದ್ಧತಿ ಸುಣ್ಣದ ಜೊತೆಗೇ ಹೋಯಿತು. ಹಳೆಯ ರಕ್ಷಣೆ ಹೋದ ಜಾಗಕ್ಕೆ ಹೊಸದು ಬರಬೇಕಿತ್ತು, ಬರಲಿಲ್ಲ.

1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಸೇರಿಹೋದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. 80ರ ದಶಕದ ಕೊನೆಗೆ ಹಳ್ಳಿಯ ಬಡವರ ಗುಡಿಸಲುಗಳಿಗೆಂದು ಒಂದು ಯೋಜನೆಯೂ ಬಂತು, ಅದೂ ಬೆಂಕಿಗೆ ಸಂಬಂಧಿಸಿದ್ದೇ. ಮಧ್ಯಮ ವರ್ಗದವರ ಮನೆಗೆ ವಿಮೆ ಹೊಕ್ಕದ್ದು ಬ್ಯಾಂಕಿನ ಬಾಗಿಲಿನಿಂದ. ಗೃಹಸಾಲ ಕೊಟ್ಟ ಬ್ಯಾಂಕು ಅಡಮಾನದ ರಕ್ಷಣೆಗಾಗಿ ಪಾಲಿಸಿ ಮಾಡಿಸುತ್ತದೆ, ಕಂತು ಸಾಲದ ಖಾತೆಗೆ ಬೀಳುತ್ತದೆ, ಕಾಗದ ಬ್ಯಾಂಕಿನ ಫೈಲಿನಲ್ಲಿ ಉಳಿಯುತ್ತದೆ. ತನ್ನ ಮನೆಗೆ ವಿಮೆಯಿದೆ ಎಂಬುದೇ ಗೊತ್ತಿಲ್ಲದ ಮಾಲೀಕರು ಹೀಗೆ ಹುಟ್ಟಿಕೊಂಡರು. ಸಾಲ ತೀರಿದ ದಿನ ಪಾಲಿಸಿಯ ನೆನಪೂ ತೀರುತ್ತದೆ.

ಈಗ ನಡೆದಿರುವುದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಈ ಪಾಲಿಸಿಯನ್ನು ಅಗ್ನಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಷರತ್ತಿನಲ್ಲಿ ಕೊಡಬೇಕು. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕು-ಪೈಪು ಒಡೆಯುವುದು, ಮನೆ ನಿಂತ ನೆಲ ಕುಸಿಯುವುದು, ಭೂಕುಸಿತ ಎಲ್ಲವೂ ಅದರೊಳಗಿವೆ. ವಿಮೆಯ ಮೊತ್ತ ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ಮತ್ತೆ ಕಟ್ಟುವ ಖರ್ಚಿನ ಮೇಲೆ. ಸೈಟಿನ ಬೆಲೆ ಲೆಕ್ಕಕ್ಕಿಲ್ಲ. ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಒಳ್ಳೆಯ ಪಾಲಿಸಿಯೇ. ಆದರೆ ನೆಲ ಕುಸಿತದ ಸಾಲಿನ ಎದುರಿಗೆ ಬರೆದಿರುವ ಹೊರಗಿಡುವಿಕೆಗಳನ್ನು ಓದಿಕೊಳ್ಳಬೇಕು. ಹೊಸ ಕಟ್ಟಡದ ಸಹಜ ಬಿರುಕು, ಕಟ್ಟಡ ಕೂರುವುದು, ಭರ್ತಿ ಮಾಡಿದ ನೆಲ ಇಳಿಯುವುದು, ಸರಿಯುವುದು, ನದಿ ಕೊರೆತ, ವಿನ್ಯಾಸದ ದೋಷ, ಕಳಪೆ ಕೆಲಸ, ಕಳಪೆ ಸಾಮಗ್ರಿ, ಕಟ್ಟುವಾಗ, ಕೆಡವುವಾಗ, ಮಾರ್ಪಡಿಸುವಾಗ, ಅಗೆಯುವಾಗ ಆದ ಹಾನಿ. ಇವು ಯಾವುವಕ್ಕೂ ಪರಿಹಾರವಿಲ್ಲ.

ಹೊಳಲ್ಕೆರೆಯ ಗೋಡೆಯ ಮುಂದೆ ನಿಂತು ಈ ಪಟ್ಟಿಯನ್ನು ಓದಿದರೆ ಬಹುಪಾಲು ಬಿರುಕುಗಳು ಹೊರಗೆ ಉಳಿಯುತ್ತವೆ. ಎರೆಯ ಕಾಟ ತಪ್ಪಿಸಲು ತುಂಬಿದ ಗರಸನ್ನೇ ಭರ್ತಿ ನೆಲ ಎಂದು ಕಂಪನಿ ವಾದಿಸಬಹುದು. ಕೆಳಮನೆಯ ಗೋಡೆಯ ತಾಕತ್ತು ನೋಡದೆ ಮಗನ ಮದುವೆಗೆ ಮುಂಚೆ ಎಬ್ಬಿಸಿದ ಮೇಲಂತಸ್ತಿನ ಭಾರಕ್ಕೆ ಬಿಟ್ಟ ಬಿರುಕು ಮಾರ್ಪಾಡಿನ ಲೆಕ್ಕಕ್ಕೆ ಹೋಗುತ್ತದೆ. ಅದಲ್ಲದೆ, ಮನೆಯ ಒಳವಿಸ್ತೀರ್ಣವನ್ನು ಶೇಕಡಾ 10ಕ್ಕಿಂತ ಹೆಚ್ಚು ಬೆಳೆಸಿದರೆ ಅದನ್ನು ತಿಳಿಸಿ ಹೆಚ್ಚಿನ ಕಂತು ಕಟ್ಟಬೇಕು ಎಂಬ ಷರತ್ತೂ ಇದೇ ಪಾಲಿಸಿಯಲ್ಲಿದೆ. ಮೇಲಂತಸ್ತು ಹಾಕಿದ ಎಷ್ಟು ಮಂದಿ ಕಂಪನಿಗೆ ಪತ್ರ ಬರೆದಿದ್ದಾರು?

ಅರ್ಜಿ ಹಾಕಿದ ಮೇಲೆ ಬರುವವರು ಸರ್ವೇಯರು. ಅವರ ಕೆಲಸ ಒಂದು ರೀತಿಯಲ್ಲಿ ಹಳೆಯ ಮೇಸ್ತ್ರಿಯದೇ. ಟಾರ್ಚು ಹಿಡಿದು ಬಿರುಕಿನ ಒಳಗೆ ನೋಡುತ್ತಾರೆ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಮೈ ಸ್ವಚ್ಛವಾಗಿ, ಇಟ್ಟಿಗೆಯ ಬಣ್ಣ ತಾಜಾ ಇರುತ್ತದೆ. ಹಳೆಯದಾದರೆ ಅಂಚು ಸವೆದು ಉರುಟಾಗಿದೆ, ಒಳಗೆ ಧೂಳು, ಜೇಡರ ಬಲೆ, ಕೆಲವೊಮ್ಮೆ ಎರಡು ದೀಪಾವಳಿಯ ಹಿಂದೆ ಬಳಿದ ಬಣ್ಣ ಇಳಿದಿದೆ. ಬಿರುಕಿನೊಳಗೆ ಬಣ್ಣ ಕಂಡರೆ, ಮೊನ್ನೆಯ ಮಳೆಗೆ ಬಿಟ್ಟದ್ದು ಎಂಬ ಮಾತು ನಿಲ್ಲುವುದು ಕಷ್ಟ. ಬಿರುಕಿನ ದಿಕ್ಕೂ ಮಾತಾಡುತ್ತದೆ. ಚಾವಣಿಯ ಕೆಳಗೆ ಅಡ್ಡಕ್ಕೆ ಓಡಿದ ಗೆರೆ ಸಾಮಾನ್ಯವಾಗಿ ಬಿಸಿಲಿಗೆ ಹಿಗ್ಗಿ ಕುಗ್ಗುವ ಆರ್‌ಸಿಸಿಯದು. ದುರ್ಗದ ಬಿಸಿಲಿನಲ್ಲಿ ಅದು ಇಲ್ಲದ ಮನೆ ಅಪರೂಪ. ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹತ್ತಿದ್ದು ಪಾಯ ಕುಸಿದದ್ದರ ಗುರುತು. ಭಾರತೀಯ ಮಾನಕ ಸಂಸ್ಥೆ 1984ರಲ್ಲಿ ಕಟ್ಟಡದ ಬಿರುಕುಗಳ ಬಗ್ಗೆಯೇ ಒಂದು ಕೈಪಿಡಿ ತಂದಿದೆ. ಅದರ ಪ್ರಕಾರ 1 ಮಿಲಿಮೀಟರಿಗಿಂತ ಕಡಿಮೆಯದು ತೆಳು ಬಿರುಕು, 1ರಿಂದ 2 ಮಧ್ಯಮ, 2ಕ್ಕಿಂತ ಹೆಚ್ಚಾದರೆ ಅಗಲ ಬಿರುಕು. ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯುವುದು ಎಂಜಿನಿಯರುಗಳ ಹಳೆಯ ರೂಢಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.

ವಿಮೆಯಿಲ್ಲದ ಮನೆಗೆ, ಅಂದರೆ ಇಲ್ಲಿನ ಬಹುತೇಕ ಮನೆಗಳಿಗೆ, ಉಳಿಯುವುದು ತಾಲ್ಲೂಕು ಕಚೇರಿ. ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾಯಿತು, ಗ್ರಾಮ ಲೆಕ್ಕಿಗರು ಬಂದರು, ಈಗ ಅವರೇ ಗ್ರಾಮ ಆಡಳಿತ ಅಧಿಕಾರಿ. ಹಾನಿಯನ್ನು ಸ್ಥಳದಲ್ಲೇ ನೋಡಿ ಬರೆಯುವ ಮಹಜರು ಮಾತ್ರ ಬದಲಾಗಿಲ್ಲ. ವಿಪತ್ತು ಪರಿಹಾರ ನಿಧಿಯ 2022ರ ನಂತರದ ದರಪಟ್ಟಿಯಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ; ಕನಿಷ್ಠ ಶೇಕಡಾ 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಕರ್ನಾಟಕ 2019ರ ನೆರೆಯ ನಂತರ ತನ್ನ ಬೊಕ್ಕಸದಿಂದ ಸೇರಿಸಿ ಪೂರ್ತಿ ಹಾಳಾದ ಮನೆಗೆ 5 ಲಕ್ಷದವರೆಗೆ ಕೊಟ್ಟಿತು. ಹಾನಿಯ ಎ, ಬಿ, ಸಿ ಎಂಬ ವರ್ಗಗಳು ಹಳ್ಳಿಯ ಬಾಯಲ್ಲಿ ಓಡಾಡತೊಡಗಿದ್ದು ಆಗ. ಎ ವರ್ಗಕ್ಕೂ ಸಿ ವರ್ಗಕ್ಕೂ ಲಕ್ಷಗಳ ಅಂತರ. ಸಿಗೆ ಸಿಕ್ಕಿದ್ದು 50 ಸಾವಿರ. ನಿಂತಿರುವ ಆದರೆ ಬಿರುಕು ಬಿಟ್ಟ ಗೋಡೆ ಶೇಕಡಾ 14ರಷ್ಟು ಹಾಳೋ 16ರಷ್ಟು ಹಾಳೋ ಎಂದು ಅಂಗಳದಲ್ಲಿ ನಿಂತು ಯಾರು ಹೇಳಬಲ್ಲರು? ಇನ್ನೊಂದು ಪೇಚೂ ಉಂಟು. ಮಣ್ಣಿನ ಗೋಡೆ ಸುರಿಯುವ ಮಳೆಗೆ ಬೀಳುವುದಕ್ಕಿಂತ ಮಳೆ ನಿಂತ ಮೇಲೆ, ನೆನೆದ ಬುಡ ಭಾರ ತಾಳದೆ ಬೀಳುವುದೇ ಹೆಚ್ಚು. ಸಮೀಕ್ಷೆಯವರು ಬಂದಾಗ ಸಿ ಆಗಿದ್ದ ಮನೆ ಮರುವಾರ ಎ ಆಗಿರುತ್ತದೆ.

2022ರ ಮಳೆ ಇದನ್ನೆಲ್ಲ ಒಟ್ಟಿಗೆ ತೋರಿಸಿತು. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. 89 ವರ್ಷದ ಮೇಲೆ, 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ನೀರು 130 ಅಡಿ ದಾಟಿ ಮತ್ತೆ ಕೋಡಿ ಹರಿಯಿತು. ಜನ ಬಾಗಿನದ ಸಂಭ್ರಮದಲ್ಲಿದ್ದರು. ಅತ್ತ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಲ್ಲಿ ನೀರು ಹೊಲ, ದಾರಿ, ಮನೆಗಳ ಅಂಚಿಗೆ ಬಂದು ನಿಂತಿತ್ತು. ಬರದ ಸೀಮೆ ಎಂದು ಹೆಸರಾದ ಜಿಲ್ಲೆಯ ಮನೆಗಳನ್ನು ತಿಂಗಳುಗಟ್ಟಲೆ ಒದ್ದೆಯಲ್ಲಿ ನಿಲ್ಲುವುದಕ್ಕೆಂದು ಯಾರೂ ಕಟ್ಟಿರಲಿಲ್ಲ.

ಮಳೆಯಿಲ್ಲದೆಯೂ ಗೋಡೆ ಸೀಳುವುದುಂಟು. ಹೊಳಲ್ಕೆರೆ-ಚಿತ್ರದುರ್ಗದ ನಡುವಿನ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ, ಜಿಲ್ಲೆಯ ಉದ್ದಗಲಕ್ಕೂ ಕಲ್ಲು ಕ್ವಾರಿಗಳಿವೆ. ಸಿಡಿತದ ಸದ್ದಿಗೆ ಗೋಡೆ ಅದುರುತ್ತದೆ ಎಂಬ ದೂರು ಇಂಥ ಊರುಗಳಲ್ಲೆಲ್ಲ ಹಳೆಯದು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿಯೇ ಸುತ್ತೋಲೆ ಹೊರಡಿಸಿ, ಇತರರ ವಾಸದ ಮನೆಗಳ ಬಳಿ ಸಿಡಿತದಿಂದ ಏಳುವ ನೆಲದ ಕಂಪನಕ್ಕೆ ಮಿತಿ ಹಾಕಿದೆ. ಕಡಿಮೆ ಆವರ್ತನದ ಕಂಪನವಾದರೆ ಸೆಕೆಂಡಿಗೆ 5 ಮಿಲಿಮೀಟರು. ಅಳೆಯುವ ಯಂತ್ರ ಹಳ್ಳಿಯವರ ಬಳಿ ಇರುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ನೆರೆಯ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಹೊರಗೋಡಿ ಬಂದರು. ಅಂಥದಕ್ಕೆ ತಾರೀಖಿದೆ, ಪೊಲೀಸ್ ದಾಖಲೆಯಿದೆ, ಸ್ಫೋಟ ಎಂಬ ಪದ ಪಾಲಿಸಿಯಲ್ಲೂ ಇದೆ. ದಿನವೂ ಮಧ್ಯಾಹ್ನದ ಸಿಡಿತಕ್ಕೆ ಕೂದಲೆಳೆಯಷ್ಟು ಬೆಳೆಯುವ ಬಿರುಕಿಗೆ ಇವು ಮೂರೂ ಇಲ್ಲ.

ಈ ಸೀಮೆಯ ರೈತನಿಗೆ ವಿಮೆ ಅಪರಿಚಿತವಲ್ಲ. ಅಡಿಕೆಗೆ, ಶೇಂಗಾಕ್ಕೆ, ಮೆಕ್ಕೆಜೋಳಕ್ಕೆ ಫಸಲು ವಿಮೆ ಕಟ್ಟುವುದು 2016ರ ಯೋಜನೆಯಿಂದೀಚೆಗೆ ರೂಢಿಯಾಗಿದೆ. ಅಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರ ಹೊಲವನ್ನೂ ನೋಡುವುದಿಲ್ಲ. ಇಡೀ ಪಂಚಾಯಿತಿಯ ಸರಾಸರಿ ಇಳುವರಿಯೋ ಮಳೆಮಾಪನದ ಅಂಕಿಯೋ ತೀರ್ಮಾನ ಮಾಡುತ್ತದೆ. ಮನೆಯ ವಿಮೆ ಹಾಗಲ್ಲ. ಅಲ್ಲಿ ಪ್ರತಿ ಗೋಡೆಯೂ ತನ್ನ ಸಾಕ್ಷಿ ತಾನೇ ಹೇಳಬೇಕು. ಅದಕ್ಕೆ ಮಾಲೀಕರೇ ಕೆಲವು ಏರ್ಪಾಡು ಮಾಡಿಕೊಳ್ಳಬೇಕು. ಯುಗಾದಿಯ ಸುಣ್ಣ-ಕಾರಣೆ ನಿಂತಿದ್ದರೂ ಆ ಹೊತ್ತಿಗೆ ನಾಲ್ಕೂ ಗೋಡೆಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ. ಮಳೆಗೆ ಮುಂಚೆ ಗೋಡೆ ಹೇಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬ್ಯಾಂಕಿನ ಫೈಲಿನಲ್ಲಿರುವ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಬೇಕು, ಸಾಲ ತೀರಿದ್ದರೆ ನವೀಕರಿಸಬೇಕು. ಮೇಲಂತಸ್ತು ಹಾಕಿದ್ದರೆ ಕಂಪನಿಗೆ ತಿಳಿಸಬೇಕು. ಹಾನಿಯಾದ ಮೇಲೆ ಸರ್ವೇಯರು ನೋಡುವ ಮುನ್ನ ಬಿರುಕಿಗೆ ಸಿಮೆಂಟು ತುಂಬಿಸಬಾರದು.

ಕಂಪನಿ ಅರ್ಜಿಯನ್ನು ತಳ್ಳಿಹಾಕಿದರೆ ಯಾವ ಷರತ್ತಿನಡಿ ತಳ್ಳಿಹಾಕಿತು ಎಂಬುದನ್ನು ಬರಹದಲ್ಲಿಯೇ ಕೇಳಬೇಕು. ಮೊದಲು ಕಂಪನಿಗೇ ದೂರು ಕೊಟ್ಟು, ಒಂದು ತಿಂಗಳು ಕಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಒಂದು ವರ್ಷದೊಳಗೆ ಬರೆಯಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.